ನಿಮಗಿದು ಗೊತ್ತೇ? ಕೇಳುವ ಮೊದಲೇ ಹೊರಟು ಬಂದ ಕರುಣೆ

● ನವಲಗುಂದದ ಅಜಾತ ನಾಗಲಿಂಗಸ್ವಾಮಿ ಮಠದಲ್ಲಿ ಒಂದು ಕನ್ನಡ ಬೈಬಲ್ ಇದೆ. ಅದರ ಹಾಳೆಗಳಲ್ಲಿ ಒಂದು ತೂತು. 19ನೇ ಶತಮಾನದಲ್ಲಿ ನಾಗಲಿಂಗಜ್ಜನೇ ಅದನ್ನು ಕೊರೆದರೆಂದು ಮಠದ ಪರಂಪರೆ ಹೇಳುತ್ತದೆ. ವರ್ಷಗಳು ಕಳೆದ ಹಾಗೆ ಆ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತಿದೆ ಎಂಬುದು ಭಕ್ತರ ನಂಬಿಕೆ. ಮಠವೊಂದು ಬೈಬಲ್ಲನ್ನು ಹೀಗೆ ಜೋಪಾನ ಮಾಡಿಕೊಂಡು ಬಂದದ್ದು ಹೊರಗಿನವರಿಗೆ ಸೋಜಿಗ ಅನಿಸಬಹುದು, ಈ ಸೀಮೆಯವರಿಗಲ್ಲ; ಮತದ ಗಡಿ ದಾಟಿದ ನಂಟು ಇಲ್ಲಿ ಹಳೆಯದು. ಶಿಶುನಾಳದ ಶರೀಫಜ್ಜನಿಗೆ ಗುರುವಾದವರು ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರು. ಆ ಶರೀಫಜ್ಜ ಮತ್ತು ನಾಗಲಿಂಗಜ್ಜ ಒಂದೇ ಕಾಲದವರು, ಒಡನಾಡಿಗಳು. ಮಠದಲ್ಲಿರುವ ಆ ಪುಸ್ತಕ ಪಾಪಿಗಳ ಬಗ್ಗೆ ಏನು ಹೇಳುತ್ತದೆ? ಈ ಸಲದ ಅಂಕಣ ಅದರ ಮೇಲೆ.

● ಬೈಬಲ್ ಕನ್ನಡಕ್ಕೆ ಬಂದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಕಾಲಿಟ್ಟಿತು. ನಿಘಂಟಿನ ಕಿಟೆಲ್ ಸಾಹೇಬರು 1853ರಲ್ಲಿ ಭಾರತಕ್ಕೆ ಬಂದಾಗ ಅವರ ಮೊದಲ ಕೆಲಸದ ಊರುಗಳು ಇದೇ ಸೀಮೆಯವು. ಅವರು 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಯೇಸುವಿನ ಬದುಕನ್ನು ಕನ್ನಡದ ಪದ್ಯದಲ್ಲಿ ಹೇಳಿದ ಪುಸ್ತಕ. ಶಬ್ದಕೋಶದ ಹೊಗಳಿಕೆಯ ನಡುವೆ ಇದನ್ನು ನಾವು ಮರೆತೇಬಿಟ್ಟಿದ್ದೇವೆ.

● ಮನೆ ಬಿಟ್ಟುಹೋದ ಮಗನ ಕಥೆ ಲೂಕನ ಸುವಾರ್ತೆಯಲ್ಲಿ ಮಾತ್ರ ಇದೆ. ಮತ್ತಾಯ, ಮಾರ್ಕ, ಯೋಹಾನ ಮೂವರೂ ಅದನ್ನು ಹೇಳುವುದಿಲ್ಲ. ಅಪ್ಪ ಬದುಕಿರುವಾಗಲೇ ಕಿರಿಯ ಮಗ ಪಾಲು ಕೇಳುತ್ತಾನೆ. ಹಳೆಯ ಯೆಹೂದಿ ಕಾನೂನಿನಲ್ಲಿ ಹಿರಿಯ ಮಗನಿಗೆ ಎರಡು ಪಾಲು. ಇಬ್ಬರೇ ಮಕ್ಕಳಾದರೆ ಕಿರಿಯನಿಗೆ ಬರುವುದು ಮೂರರಲ್ಲಿ ಒಂದು. ಈ ನಿಯಮ ಇರುವ ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲೇ ಇನ್ನೊಂದು ನಿಯಮವೂ ಇದೆ: ತಂದೆತಾಯಿಯ ಮಾತಿಗೆ ಬಗ್ಗದ ದುಂದುಗಾರ ಮಗನನ್ನು ಊರ ಬಾಗಿಲಲ್ಲಿ ಕಲ್ಲೆಸೆದು ಕೊಲ್ಲಬೇಕು. ಯೇಸುವಿನ ಮುಂದೆ ಕೂತಿದ್ದವರಿಗೆ ಈ ಎರಡೂ ಗೊತ್ತಿದ್ದವು. ಕಥೆ ಯಾವ ಕಡೆ ತಿರುಗುತ್ತದೆಂದು ಅವರು ಲೆಕ್ಕ ಹಾಕಿಕೊಂಡೇ ಕೇಳಿರಬೇಕು.

ಹೊಲಮನೆಯ ಪಾಲಿನ ಜಗಳ ಕಂಡವರಿಗೆ ಈ ಕಥೆಯ ಬಿಸಿ ಬೇಗ ತಟ್ಟುತ್ತದೆ. ಆದರೆ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಹಂದಿ ಕಾಯುತ್ತ ಹಸಿದು ಕೂತ ಮಗ, ಊರಿಗೆ ಹೋಗಿ ಅಪ್ಪನಿಗೆ ಏನು ಹೇಳಬೇಕೆಂದು ಮೊದಲೇ ಮಾತು ಜೋಡಿಸಿಕೊಳ್ಳುತ್ತಾನೆ. ಮೂರು ಮಾತು: ತಪ್ಪು ಮಾಡಿದೆ, ಮಗ ಅನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಆಳುಗಳಲ್ಲಿ ಒಬ್ಬನಾಗಿ ಇಟ್ಟುಕೋ. ದೂರದಿಂದಲೇ ಅವನನ್ನು ಕಂಡ ಅಪ್ಪ ಓಡುತ್ತಾನೆ. ನೆರೆತ ಗಡ್ಡದ ಯಜಮಾನ ಊರವರೆದುರು ಹಾಗೆ ಓಡುವುದು ಆ ಕಾಲದಲ್ಲಿ ಮರ್ಯಾದೆಯ ಮಾತಾಗಿರಲಿಲ್ಲ. ತಬ್ಬಿಕೊಂಡು ಮುದ್ದಿಟ್ಟ ಮೇಲೆಯೇ ಮಗನ ಬಾಯಿ ತೆರೆಯುವುದು. ಮೊದಲನೆಯ ಮಾತು ಹೇಳುತ್ತಾನೆ, ಎರಡನೆಯದನ್ನೂ ಹೇಳುತ್ತಾನೆ. ಮೂರನೆಯದಕ್ಕೆ ಅಪ್ಪ ಅವಕಾಶವನ್ನೇ ಕೊಡುವುದಿಲ್ಲ, ಅಷ್ಟರಲ್ಲಿ ಅಂಗಿ, ಉಂಗುರ, ಕೆರ ತರಲು ಆಳುಗಳಿಗೆ ಹೇಳಿಯಾಗಿರುತ್ತದೆ. ಕ್ರೈಸ್ತರು ದೇವರ ಕರುಣೆ ಅಂದಾಗ ಏನು ಹೇಳುತ್ತಿದ್ದಾರೆಂದು ತಿಳಿಯಬೇಕಾದರೆ, ನುಡಿಯದೇ ಉಳಿದ ಆ ಮೂರನೆಯ ಮಾತನ್ನು ನೋಡಬೇಕು. ಅರ್ಜಿ ಪೂರ್ತಿ ಆಗುವ ಮೊದಲೇ ಅಪ್ಪ ಹೊರಟುಬಿಟ್ಟಿದ್ದ.

ಹಿರಿಯ ಮಗ ಮುನಿಸಿಕೊಂಡು ಹೊರಗೇ ನಿಂತ. ಅಪ್ಪ ಅವನನ್ನೂ ಕರೆಯಲು ಹೊರಬಂದ. ಅವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ.

● ಕ್ಷಮೆಗೆ ಲೆಕ್ಕ ಎಷ್ಟು? ಏಳು ಸಲ ಸಾಕೇ ಎಂದು ಯೇಸುವಿನ ಶಿಷ್ಯ ಪೇತ್ರ ಕೇಳಿದ್ದ. ಏಳು ಅಂದರೆ ಧಾರಾಳ ಎಂದೇ ಅವನ ಎಣಿಕೆ ಇದ್ದೀತು. ಯೇಸು ಕೊಟ್ಟ ಉತ್ತರವನ್ನು ಕೆಲವು ಅನುವಾದಗಳು ಎಪ್ಪತ್ತೇಳು ಎಂದು, ಕೆಲವು ಏಳೆಪ್ಪತ್ತು, ಅಂದರೆ 490 ಎಂದು ಕೊಡುತ್ತವೆ. ಎರಡರಲ್ಲೂ ಆಶಯ ಒಂದೇ, ಎಣಿಸುವುದನ್ನು ನಿಲ್ಲಿಸು.

● ಅದರ ಬೆನ್ನಿಗೇ ಮತ್ತಾಯನ 18ನೇ ಅಧ್ಯಾಯದಲ್ಲಿ ಸಾಲದ ಕಥೆಯೊಂದು ಬರುತ್ತದೆ. ಅದರ ಅಂಕಿಗಳನ್ನು ಒಮ್ಮೆ ಕೂಡಿ ನೋಡಿ. ಸೇವಕನೊಬ್ಬ ಅರಸನಿಗೆ ಕೊಡಬೇಕಾದದ್ದು 10,000 ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಅಲ್ಲಿಗೆ ಸಾಲ 6 ಕೋಟಿ ದಿನಗಳ ಕೂಲಿ. ಒಂದು ದಿನವೂ ರಜೆ ಹಾಕದೆ ದುಡಿದರೂ 1,64,000 ವರ್ಷ ಬೇಕು, ಅದೂ ಹೊಟ್ಟೆಗೆ ತಿನ್ನದೆ. ಆಗ ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅಂತಿಪನಿಗೆ ವರ್ಷಕ್ಕೆ ಬರುತ್ತಿದ್ದ ಕಂದಾಯ 200 ತಲಾಂತು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಸೇವಕನ ಸಾಲ ಆ ದೊರೆಯ 50 ವರ್ಷದ ಆದಾಯ! ಕೇಳಿದವರು ಬೆಚ್ಚಿಬೀಳಲೆಂದೇ ಯೇಸು ಆರಿಸಿಕೊಂಡ ಅಂಕಿ ಅದು. ಅರಸ ಅಷ್ಟನ್ನೂ ಮನ್ನಾ ಮಾಡಿದ.

ಹೊರಗೆ ಬಂದ ಅದೇ ಸೇವಕ, ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ನೂರು ದಿನದ ಕೂಲಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಹಳ್ಳಿಯ ಒಂದು ಮನೆಗೆ ವರ್ಷಕ್ಕೆ ಭರವಸೆ ಕೊಟ್ಟದ್ದೂ ನೂರೇ ದಿನದ ಕೆಲಸ. ಅಂದರೆ ಸಣ್ಣ ಮೊತ್ತವೇನಲ್ಲ. ಬದುವಿನ ಕೆಲಸ, ಕೆರೆಯ ಹೂಳೆತ್ತುವ ಕೆಲಸ ಮಾಡಿದ ಯಾರನ್ನಾದರೂ ಕೇಳಿ ನೋಡಿ. ಜೊತೆಗಾರನ ಸಾಲ ಸುಳ್ಳು ಎಂದು ಯೇಸು ಹೇಳಲಿಲ್ಲ. ಅದರ ಆರು ಲಕ್ಷ ಪಟ್ಟು ಬಿಡಿಸಿಕೊಂಡವನು ನೀನು ಎಂದು ನೆನಪಿಸಿದರು. ಕಥೆಯ ಕೊನೆಗೆ ಆ ಸೇವಕ ಸೆರೆಗೆ ಬಿದ್ದ. ಮನ್ನಾ ಸಿಕ್ಕಿದವನು ಮನ್ನಾ ಮಾಡಲಿಲ್ಲ ಎಂಬುದಷ್ಟೇ ಅವನ ಮೇಲಿದ್ದ ಆರೋಪ.

ಬಾಕಿ ವಸೂಲಿ ಅಂದರೆ ಏನೆಂದು ನವಲಗುಂದಕ್ಕೆ ಪಾಠ ಮಾಡಬೇಕಿಲ್ಲ. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗುಂಡು ಹಾರಿದ ಊರು ಅದು. ನವಲಗುಂದ, ನರಗುಂದಗಳಲ್ಲಿ ಪ್ರತಿ ವರ್ಷ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತಾರೆ.

● ಏಳು ವರ್ಷಕ್ಕೊಮ್ಮೆ ಸಾಲ ಬಿಡಬೇಕು, 50ನೆಯ ವರ್ಷದಲ್ಲಿ ಮಾರಿದ ಹೊಲ ಮೂಲದ ಮನೆತನಕ್ಕೆ ಮರಳಬೇಕು ಎಂಬ ನಿಯಮ ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿದೆ. ಕಥೋಲಿಕ ಸಭೆ ಇಂದಿಗೂ ಆಚರಿಸುವ ಜೂಬಿಲಿ ವರ್ಷದ ಬೇರು ಅಲ್ಲಿದೆ. ಪೋಪ್ ಫ್ರಾನ್ಸಿಸ್ ಕರುಣೆಯ ಹೆಸರಿನಲ್ಲೇ ಒಂದು ವಿಶೇಷ ಜೂಬಿಲಿ ಸಾರಿದ್ದರು, 2015ರ ಡಿಸೆಂಬರ್ 8ರಿಂದ 2016ರ ನವೆಂಬರ್ 20ರವರೆಗೆ.

● ಯೆರಿಕೋವಿನ ಜಕ್ಕಾಯ ಸುಂಕದವರ ಮುಖ್ಯಸ್ಥ, ಕುಳ್ಳ, ಊರೆಲ್ಲ ಉಗಿಯುವ ಮನುಷ್ಯ. ಯೇಸುವನ್ನು ನೋಡಲು ಅತ್ತಿ ಜಾತಿಯ ಮರ ಹತ್ತಿ ಕೂತಿದ್ದ. ಯೇಸು ಹೆಸರು ಹಿಡಿದು ಕೂಗಿ, ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದರು. ಆತ ಇನ್ನೂ ತಪ್ಪೊಪ್ಪಿರಲಿಲ್ಲ. ಇಲ್ಲೂ ಅದೇ ಕ್ರಮ: ಕರುಣೆ ಮೊದಲು, ಪಶ್ಚಾತ್ತಾಪ ಆಮೇಲೆ. ಆದರೆ ಪಶ್ಚಾತ್ತಾಪ ಬಾಯಿಮಾತಿನಲ್ಲಿ ಮುಗಿಯಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸು ಎಂದ. ತಾನಾಗಿ ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಎಂದು ಕಾನೂನು ಹೇಳುತ್ತಿತ್ತು. ನಾಲ್ಕು ಪಟ್ಟು ಕುರಿಗಳ್ಳನಿಗೆ ಹಾಕುವ ದಂಡ. ಜಕ್ಕಾಯ ತನ್ನನ್ನು ಕಳ್ಳನ ಸಾಲಿನಲ್ಲಿ ತಾನೇ ನಿಲ್ಲಿಸಿಕೊಂಡ.

● ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆ ಯಾಕಿದೆ, ಗೊತ್ತೇ? ಬ್ರಿಟಿಷರ 1871ರ ಕಾಯ್ದೆ ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಪಟ್ಟ ಕಟ್ಟಿತು. 1911ರ ತಿದ್ದಿದ ಕಾಯ್ದೆ ಇಡೀ ದೇಶಕ್ಕೆ ಹರಡಿತು. ಅಂಥವರನ್ನು ಬೇಲಿಯೊಳಗೆ ಇಟ್ಟು, ಹಾಜರಿ ಕೂಗಿ, ಕೆಲಸಕ್ಕೆ ಹಚ್ಚುವ ವಸತಿಗಳೇ ಸೆಟ್ಲಮೆಂಟ್‌ಗಳು. ಬಾಂಬೆ ಪ್ರಾಂತ್ಯದಲ್ಲಿ ಇಂಥ ಕೆಲವನ್ನು ಸರ್ಕಾರ ಕ್ರೈಸ್ತ ಮಿಷನ್ನುಗಳ ಕೈಗೆ ಒಪ್ಪಿಸಿತ್ತು. ಶಾಲೆ, ಔಷಧಿ ಕೊಟ್ಟವರೂ ಅವರೇ, ಹಾಜರಿ ಪುಸ್ತಕ ಹಿಡಿದವರೂ ಅವರೇ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಜಕ್ಕಾಯನನ್ನು ಹೆಸರು ಹಿಡಿದು ಕರೆದ ಗುರುವಿನ ಶಿಷ್ಯರು, ಜಾತಿ ಹಿಡಿದು ಪಟ್ಟಿ ಮಾಡುವ ಕಾಯ್ದೆಗೆ ಕೈಜೋಡಿಸಬಾರದಿತ್ತು. ಆ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರ ಆಗಸ್ಟ್ 31ರಂದು. ಈಗ ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತಾರೆ.

● ಅಣ್ಣಿಗೇರಿಯಲ್ಲಿ 2010ರಲ್ಲಿ ಚರಂಡಿ ಅಗೆಯುವಾಗ ಸಾಲುಸಾಲಾಗಿ ನೂರಾರು ತಲೆಬುರುಡೆಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಯುದ್ಧವೋ ಬರವೋ ಎಂದು ದೊಡ್ಡ ಚರ್ಚೆ ನಡೆಯಿತು. 1791–92ರ ಭೀಕರ ಬರಗಾಲವನ್ನು ಬೊಟ್ಟುಮಾಡಿದವರೂ ಉಂಟು. ಇಂಗ್ಲಿಷರ ದಾಖಲೆಗಳಲ್ಲಿ ಅದರ ಹೆಸರೇ ತಲೆಬುರುಡೆ ಬರ. ಇಂಥದ್ದು ಕಂಡಾಗ ‘ಏನ್ ಪಾಪಾ ಮಾಡಿದ್ರೋ’ ಎಂಬ ಮಾತು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ಯೇಸುವಿನ ಕಾಲದಲ್ಲೂ ಬಂದಿತ್ತು. ಸಿಲೋವದಲ್ಲಿ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಅವರು ಊರಿನ ಉಳಿದೆಲ್ಲರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೇ ಎಂದು ಯೇಸುವೇ ಕೇಳಿ, ಇಲ್ಲ ಎಂದು ತಾವೇ ಉತ್ತರ ಕೊಟ್ಟರು. ಹುಟ್ಟುಕುರುಡನ ವಿಷಯದಲ್ಲೂ ಹಾಗೇ: ಇದು ಅವನ ಪಾಪವೂ ಅಲ್ಲ, ಹೆತ್ತವರದೂ ಅಲ್ಲ. ಕಷ್ಟ ಬಿದ್ದವನ ತಲೆಗೆ ಪಾಪವನ್ನು ಕಟ್ಟಬಾರದೆಂದು ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ ಕ್ರೈಸ್ತರಲ್ಲಿ ಎಷ್ಟೋ ಮಂದಿಗೆ ಇದು ಇನ್ನೂ ಮನಸ್ಸಿಗೆ ಇಳಿದಿಲ್ಲ.

● ಪ್ರಾಣಿಗಳೂ ಉಪವಾಸ ಮಾಡಿದ ಪ್ರಸಂಗ ಬೈಬಲ್ಲಿನಲ್ಲಿದೆ! ನಿನೆವೆ ಪಟ್ಟಣಕ್ಕೆ ನಾಶ ಕಾದಿದೆ ಎಂದು ಪ್ರವಾದಿ ಯೋನ ಸಾರಿದಾಗ ಅರಸ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂತ. ಜನರ ಜೊತೆಗೆ ದನಕುರಿಗಳೂ ಮೇವು ನೀರು ಬಿಟ್ಟು ಗೋಣಿತಟ್ಟು ಹೊದೆಯಲಿ ಎಂದು ಅಪ್ಪಣೆ ಮಾಡಿದ. ದೇವರು ಮನಸ್ಸು ತಿರುಗಿಸಿಕೊಂಡರು, ಯೋನನಿಗೆ ಸಿಟ್ಟು ಬಂತು. ಎಡಬಲ ತಿಳಿಯದ 1,20,000 ಜನರಿರುವ ಪಟ್ಟಣಕ್ಕೆ ನಾನು ಮರುಗಬಾರದೇ ಎಂದು ದೇವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಕಟ್ಟಕಡೆಗೆ ಬರುವುದು ದನಗಳ ಮಾತು. ಕಾರಹುಣ್ಣಿಮೆಗೆ ಎತ್ತಿನ ಮೈತೊಳೆದು ಕೋಡಿಗೆ ಬಣ್ಣ ಹಚ್ಚುವ ಸೀಮೆಯವರು ಇದನ್ನು ಓದಿದರೆ ಖುಷಿಪಟ್ಟಾರು. ಇನ್ನೊಂದು ವಿಶೇಷ: ಬೈಬಲ್ಲಿನಲ್ಲಿ ನೇರ ಪ್ರಶ್ನೆಯೊಂದಿಗೆ ಮುಗಿಯುವ ಪ್ರವಾದಿ ಗ್ರಂಥಗಳು ಎರಡು, ಯೋನ ಮತ್ತು ನಹೂಮ. ಎರಡರ ವಿಷಯವೂ ನಿನೆವೆಯೇ. ಒಂದರಲ್ಲಿ ಆ ಪಟ್ಟಣ ಉಳಿಯುತ್ತದೆ, ಇನ್ನೊಂದರಲ್ಲಿ ಅಳಿಯುತ್ತದೆ.

● ಯೇಸು ಬರೆದದ್ದನ್ನು ಸುವಾರ್ತೆಗಳು ಹೇಳುವುದು ಒಂದೇ ಪ್ರಸಂಗದಲ್ಲಿ, ಅದೂ ಮಣ್ಣಿನ ಮೇಲೆ, ಬೆರಳಿನಿಂದ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಹೆಂಗಸೊಬ್ಬಳನ್ನು ಎಳೆತಂದು ನಿಲ್ಲಿಸಿದ ಹೊತ್ತು ಅದು. ಕಾನೂನಿನ ಪ್ರಕಾರ ಗಂಡಸಿಗೂ ಶಿಕ್ಷೆ ಇತ್ತು, ಅವನನ್ನು ಮಾತ್ರ ಯಾರೂ ಕರೆತಂದಿರಲಿಲ್ಲ. ನಾಲ್ಕನೇ ಶತಮಾನದ ಸಿನೈ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಈ ಪ್ರಸಂಗವೇ ಇಲ್ಲ. ಆದರೂ ಆಕೆಯನ್ನು ಶಿಕ್ಷೆಯಿಲ್ಲದೆ ಕಳಿಸಿದ ಈ ಪ್ರಸಂಗವನ್ನು ಸಭೆ ಕೈಬಿಡಲಿಲ್ಲ.

● ಶಿಲುಬೆಯ ಪಕ್ಕದ ಕಳ್ಳನಿಗೆ ಸ್ವರ್ಗದ ಮಾತು ಸಿಕ್ಕಿತೆಂದು ಹೇಳುವವನು ಲೂಕ ಒಬ್ಬನೇ. ಮತ್ತಾಯ, ಮಾರ್ಕರ ಪ್ರಕಾರ ಇಬ್ಬರೂ ಕಳ್ಳರು ಯೇಸುವನ್ನು ಹಂಗಿಸಿದ್ದರು. ಬೆಳಿಗ್ಗೆ ಹಂಗಿಸಿದವನೇ ಹೊತ್ತು ಏರುವಷ್ಟರಲ್ಲಿ ಬದಲಾದ ಎಂದು ಎರಡನ್ನೂ ಹೊಂದಿಸಿ ಓದುವವರಿದ್ದಾರೆ. ಅವನಿಗೆ ದೀಕ್ಷಾಸ್ನಾನವಾಗಲಿ, ಒಂದು ದಿನದ ಸತ್ಕಾರ್ಯವಾಗಲಿ ಇರಲಿಲ್ಲ. ಶಿಲುಬೆಯ ಆ ದಿನವನ್ನು ಕನ್ನಡದಲ್ಲಿ ಖಂಡಕಾವ್ಯವಾಗಿ ಬರೆದವರು ಮಂಜೇಶ್ವರದ ಎಂ. ಗೋವಿಂದ ಪೈ. ಹೆಸರು ‘ಗೊಲ್ಗೊಥಾ’.

● ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿ ಎರಡೇ ಸಲ ಉರಿಯುತ್ತದೆ, ಎರಡೂ ಯೋಹಾನನ ಸುವಾರ್ತೆಯಲ್ಲಿ. ಮೊದಲನೆಯದು ಮಹಾಯಾಜಕನ ಅಂಗಳದ್ದು. ಚಳಿ ಕಾಯಿಸಿಕೊಳ್ಳುತ್ತ ನಿಂತ ಪೇತ್ರ, ಯೇಸು ಯಾರೋ ಗೊತ್ತಿಲ್ಲ ಎಂದು ಮೂರು ಸಲ ಅಂದುಬಿಟ್ಟ. ಎರಡನೆಯದು ಕೆರೆಯ ದಂಡೆಯದು. ರಾತ್ರಿಯೆಲ್ಲ ಬಲೆ ಬೀಸಿ ಬಂದ ಪೇತ್ರನಿಗಾಗಿ, ಸತ್ತವರೊಳಗಿಂದ ಎದ್ದು ಬಂದ ಯೇಸು ಕೆಂಡದ ಮೇಲೆ ಮೀನು ಇಟ್ಟು, ರೊಟ್ಟಿ ಜೋಡಿಸಿ ಕಾಯುತ್ತಿದ್ದರು. ಉಂಡ ಮೇಲೆ, ನನ್ನ ಮೇಲೆ ಪ್ರೀತಿ ಇದೆಯೇ ಎಂದು ಮೂರು ಸಲ ಕೇಳಿದರು. ಯಾಕೆ ಹಾಗೆ ಮಾಡಿದಿ ಎಂದು ಒಮ್ಮೆಯೂ ಕೇಳಲಿಲ್ಲ. ಮೂರು ನಿರಾಕರಣೆಗೆ ಮೂರು ಅವಕಾಶ, ಅದೂ ಊಟ ಹಾಕಿದ ಮೇಲೆ.

● ಬೂದಿ ಬುಧವಾರ ಕಥೋಲಿಕರ ಹಣೆಗೆ ಹಚ್ಚುವ ಬೂದಿಯನ್ನು ಹಿಂದಿನ ವರ್ಷದ ಗರಿಗಳ ಭಾನುವಾರದ ಒಣಗಿದ ಗರಿಗಳನ್ನು ಸುಟ್ಟು ಮಾಡುತ್ತಾರೆ. ತಪಸ್ಸು ಕಾಲ ಶುರುವಾಗುವುದು ಅಲ್ಲಿಂದ. ವಿಭೂತಿ ಧರಿಸುವ ನೆರೆಮನೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ.

● ವರ್ಷಕ್ಕೆ ಒಮ್ಮೆಯಾದರೂ ಗುರುಗಳ ಮುಂದೆ ಪಾಪನಿವೇದನೆ ಮಾಡಲೇಬೇಕೆಂದು ಕಥೋಲಿಕ ಸಭೆ ಕಟ್ಟಳೆ ಮಾಡಿದ್ದು 1215ರಲ್ಲಿ. ನಡುವೆ ಜಾಲರಿ ಇರುವ ಪೆಟ್ಟಿಗೆಯಂಥ ಪೀಠ ಬಂದದ್ದು 16ನೇ ಶತಮಾನದಲ್ಲಿ, ಮಿಲಾನಿನ ಚಾರ್ಲ್ಸ್ ಬೊರೊಮಿಯೊ ಕಾಲಕ್ಕೆ. ಅಲ್ಲಿ ಕೇಳಿದ್ದನ್ನು ಗುರುಗಳು ಹೊರಗೆ ನೇರವಾಗಿ ಬಾಯಿಬಿಟ್ಟರೆ ಅವರಿಗೆ ತಾನಾಗಿಯೇ ಬಹಿಷ್ಕಾರ. ಧಾರವಾಡ ಸೀಮೆಯ ಕಥೋಲಿಕರು ಸೇರುವುದು ಬೆಳಗಾವಿ ಧರ್ಮಪ್ರಾಂತ್ಯಕ್ಕೆ, ಅದು ಸ್ಥಾಪನೆಯಾದದ್ದು 1953ರಲ್ಲಿ. ಈಸ್ಟರ್ ಕಳೆದ ಮೊದಲ ಭಾನುವಾರವನ್ನು ದೈವಿಕ ಕರುಣೆಯ ಭಾನುವಾರವೆಂದು ಪೋಪ್ ಎರಡನೇ ಜಾನ್ ಪೌಲರು 2000ದಲ್ಲಿ ಸಾರಿದರು.

● ಬಾಸೆಲ್ ಮಿಷನ್ನಿನ ಸಭೆಗಳು ಈಗ ದಕ್ಷಿಣ ಭಾರತ ಸಭೆಯವು, ಅಂದರೆ ಸಿ.ಎಸ್.ಐ. ಸಭೆಗಳು. ಈ ಭಾಗದ ಡಯೊಸೀಸಿನ ಕಚೇರಿ ಧಾರವಾಡದಲ್ಲಿದೆ. ಅವರ ಆರಾಧನೆಯಲ್ಲಿ ಪಾಪದರಿಕೆಯನ್ನು ಎಲ್ಲರೂ ಒಟ್ಟಿಗೆ ಹೇಳುತ್ತಾರೆ, ಅಯ್ಯನವರು ಕ್ಷಮೆಯ ಮಾತು ಸಾರುತ್ತಾರೆ. ಕರ್ತನ ಭೋಜನಕ್ಕೆ ಮೊದಲು ಸಮಾಧಾನ ಹಂಚಿಕೊಳ್ಳುವ ಕ್ರಮವಿದೆ: ಒಬ್ಬರು ಜೋಡಿಸಿ ಹಿಡಿದ ಅಂಗೈಗಳ ನಡುವೆ ಇನ್ನೊಬ್ಬರು ಕೈ ಇಡುತ್ತಾರೆ, ಅದು ಬಲಿಪೀಠದಿಂದ ಕಟ್ಟಕಡೆಯ ಸಾಲಿನವರೆಗೆ ಕೈಯಿಂದ ಕೈಗೆ ಸಾಗುತ್ತದೆ. ವಾರವೆಲ್ಲ ಬದುವಿನ ಸಲುವಾಗಿ ಮಾತು ಬಿಟ್ಟ ಇಬ್ಬರು ಅಕ್ಕಪಕ್ಕ ಕೂತಿದ್ದರೆ ಆ ಗಳಿಗೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. 1947ರಲ್ಲಿ ಹುಟ್ಟಿದ ಸಿ.ಎಸ್.ಐ. ಇದನ್ನು ಕೇರಳದ ಸಿರಿಯನ್ ಕ್ರೈಸ್ತರ ಸಂಪ್ರದಾಯದಿಂದ ಪಡೆದು 1950ರ ತನ್ನ ಆರಾಧನಾಕ್ರಮದಲ್ಲಿ ಸೇರಿಸಿತು. ಆಮೇಲೆ ಪಶ್ಚಿಮದ ಎಷ್ಟೋ ಸಭೆಗಳು ಇಲ್ಲಿಂದ ಕಲಿತವು. ಕೊಡುಗೆ ನಮ್ಮ ದಿಕ್ಕಿನಿಂದ ಹೋದದ್ದು ಎಂಬುದನ್ನು ಹೇಳದೆ ಇರಲಾರೆ.

● ಕಲಘಟಗಿಯ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪಕ್ಕದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿ ಅವರ ಸಂಖ್ಯೆ ಇನ್ನೂ ಹೆಚ್ಚು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು ಅವರಲ್ಲಿದ್ದಾರೆ. ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಕೊಂಡು ತಂದವರೂ ಕ್ರೈಸ್ತರೇ, ಭಾನುವಾರ ಪಾಪನಿವೇದನೆ ಮಾಡುತ್ತಿದ್ದವರೇ.

ಪಾಪಿಯ ಮೇಲೆ ದೇವರ ಕರುಣೆ ಎಂದು ಹಾಡುವಾಗ ಪಾಪಕ್ಕೆ ಬಲಿಯಾದವನು ಎಲ್ಲಿ ನಿಂತಿರುತ್ತಾನೆ? ಲೋಕದ ತುಂಬ ಹಾಡುವ ‘ಅಮೇಜಿಂಗ್ ಗ್ರೇಸ್’ ಗೀತೆಯ ಚರಿತ್ರೆ ಈ ಪ್ರಶ್ನೆಯನ್ನು ಬಿಡದೆ ಕೇಳುತ್ತದೆ. ಬರೆದ ಜಾನ್ ನ್ಯೂಟನ್ ಅಟ್ಲಾಂಟಿಕ್ ಸಾಗರದ ಗುಲಾಮ ವ್ಯಾಪಾರದವನು. 1748ರ ಮಾರ್ಚಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರನ್ನು ಕೂಗಿದ, ಬದುಕಿ ಉಳಿದ. ಆದರೆ ಆಮೇಲೂ ಗುಲಾಮರ ಹಡಗುಗಳ ನಾಯಕನಾಗಿ 1754ರವರೆಗೆ ಓಡಾಡಿದ! 1764ರಲ್ಲಿ ಪಾದ್ರಿಯಾದ. ಆ ಗೀತೆಯನ್ನು ತನ್ನ ಸಭೆಗೆ ಕೊಟ್ಟದ್ದು 1773ರ ಹೊಸ ವರ್ಷದ ದಿನ. ಆ ವ್ಯಾಪಾರ ಎಂಥ ಕ್ರೌರ್ಯವೆಂದು ಪುಸ್ತಿಕೆ ಬರೆದು, ತಾನು ಅದರಲ್ಲಿ ಪಾಲುದಾರನಾಗಿದ್ದೆ ಎಂದು ಬಹಿರಂಗವಾಗಿ ಒಪ್ಪಿಕೊಂಡದ್ದು 1788ರಲ್ಲಿ, ಬಿರುಗಾಳಿ ಬೀಸಿ ನಲವತ್ತು ವರ್ಷ ಕಳೆದ ಮೇಲೆ. ದೇವರ ಕರುಣೆ ಒಂದೇ ರಾತ್ರಿಯಲ್ಲಿ ಮುಟ್ಟಿದ ಮನುಷ್ಯನಿಗೆ ಜಕ್ಕಾಯನ ಬಾಗಿಲಿಗೆ ತಲುಪಲು ಅಷ್ಟು ಕಾಲ ಹಿಡಿಯಿತು. ಬ್ರಿಟನ್ನಿನ ಸಂಸತ್ತು ಗುಲಾಮ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚಿನಲ್ಲಿ, ನ್ಯೂಟನ್ ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು.